ಅಕ್ಕಿ ಮಿಲ್ಲು ನಿಂತ ಗಂಟೆ

ಇನ್ನಂಜೆ
೧೮ ಜನವರಿ ೧೯೮೭, ಭಾನುವಾರ

ಪ್ರೀತಿಯ ಕ್ಲಾರಾ,

ನಿನ್ನ ಕಾಗದ ತಲುಪಿತು. ನೀನು ಹುಷಾರಾಗಿದ್ದೀ ಎಂದು ಓದಿ ಸಮಾಧಾನವಾಯಿತು. ನನಗಂತೂ ಸಾಕೋ ಸಾಕಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಕಳದ ನಿಮ್ಮ ಶಾಲೆಯ ಕಂಪ್ಯೂಟರ್ ಕೆಟ್ಟು ಕೂತಿದೆ, ನಮ್ಮಲ್ಲಿ ಸುಮ್ಮನೆ ಇರುವುದನ್ನು ನಿಮಗೆ ಕೊಡಲು ಒಪ್ಪುತ್ತೇವೆಯೇ ಎಂದು ಕೇಳಿದ್ದೀ. ಒಪ್ಪಿದ್ದೇನೆ. ನಮ್ಮ ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ; ಕಂಪ್ಯೂಟರ್ ಕೋಣೆಯ ಬೀಗದ ಕೈ ಕಾಯುವುದೇ ಅವರಿಗೊಂದು ತಲೆನೋವು.

ಮಣಿಪಾಲದ ತರಬೇತಿಯಲ್ಲಿ ನಾವಿಬ್ಬರೂ ಒಂದೇ ಮೇಜಿಗೆ ಕೂತು ಕಲಿತೆವಲ್ಲ, ಅಲ್ಲಿ ಕರೆಂಟಿನ ವಿಷಯ ಯಾರೂ ಎತ್ತಲಿಲ್ಲ ನೋಡು. ಚಪ್ಪಲಿ ಹೊರಗೆ ಬಿಡಬೇಕು ಎಂದಿದ್ದರು. ಅದೊಂದನ್ನು ಮಾತ್ರ ನಾವು ಚಾಚೂ ತಪ್ಪದೆ ಪಾಲಿಸಿದ್ದೇವೆ. ಆದರೆ ಗದ್ದೆಯಾಚೆ ಕರುಣಾಕರಣ್ಣನ ಅಕ್ಕಿ ಮಿಲ್ಲು ಶುರುವಾಯಿತೆಂದರೆ ಇಲ್ಲಿ ವೋಲ್ಟೇಜ್ ಬಿದ್ದು ಪರದೆ ಕಪ್ಪಾಗುತ್ತದೆ, ಮಕ್ಕಳು ಒತ್ತಿದ್ದೆಲ್ಲ ನೀರಿಗೆ ಹೋಗುತ್ತದೆ. ಭಾನುವಾರ ಮಿಲ್ಲಿಗೆ ರಜೆ, ಅಂದು ಬೀಗದ ಕೈಗೂ ರಜೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೀಲಿಮಣೆ ಬರೆದು, ಅದನ್ನೇ ಒತ್ತಿಸಿ ಪಾಠ ಮಾಡಿದೆ. ನಗಬೇಡ.

ಕೊನೆಗೆ ಮಿಲ್ಲಿಗೇ ಹೋಗಿ ಕೇಳಿದೆ. “ವಾರಕ್ಕೊಂದು ಗಂಟೆ ಅಲ್ವಾ ಟೀಚರೇ, ಅದಕ್ಕೆಂತ, ಗುರುವಾರ ನಿಲ್ಲಿಸುವ” ಎಂದರು ಕರುಣಾಕರಣ್ಣ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹತ್ತನೆಯ ತರಗತಿಯ ಬೇಬಿಯ ಬಗ್ಗೆ ಹಿಂದೆ ಬರೆದಿದ್ದೆ. ಅವಳ ತಾಯಿ ಸುಗಂಧಿ ಅದೇ ಮಿಲ್ಲಿನಲ್ಲಿ ಭತ್ತ ಬೇಯಿಸಿ ಒಣಗಿಸುವವಳು. ಮೊದಲ ಗುರುವಾರವೇ ಬೇಬಿ ಪರದೆಯ ತುಂಬ ತನ್ನ ಹೆಸರು ಬರಿಸಿ, “ಟೀಚರ್, ಇದು ನಾನು ಹೇಳಿದ್ದನ್ನು ಕೇಳ್ತದೆ!” ಎಂದು ಕೂಗಿದಳು. ಮನೆಯಲ್ಲಿ ಅವಳ ಮಾತನ್ನು ಯಾರು ಕೇಳಿದ್ದಾರೆ, ಹೇಳು. ಮುಂದಿನ ವಾರಕ್ಕೆ ನಾನು ಕಲಿಸದ್ದನ್ನೂ ತಾನೇ ಮಾಡಿ ತೋರಿಸಿದಳು. ಈ ಹುಡುಗಿಯನ್ನು ಹೇಗಾದರೂ ಪಾಲಿಟೆಕ್ನಿಕ್‌ಗೆ ಸೇರಿಸಬೇಕು ಎಂದು ಅಂದೇ ನಿಶ್ಚಯಿಸಿದೆ. ಆಸೆಯೆಂದರೆ ನನಗೆ ಅದೊಂದೇ ಇತ್ತು.

ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ಕರುಣಾಕರಣ್ಣನಿಗೆ ಶಾಲು ಹೊದಿಸಿ, ಹಣ್ಣುಹಂಪಲು ಕೊಟ್ಟು ಸನ್ಮಾನ ಮಾಡಿದೆವು. ಮೈಕು ಹಿಡಿದವಳು ನಾನೇ. ಅವರ ದೊಡ್ಡ ಮನಸ್ಸು, ಬೇಬಿಯ ಜಾಣತನ, ಎರಡನ್ನೂ ಬಾಯ್ತುಂಬ ಹೊಗಳಿದೆ. ಮಿಲ್ಲಿನ ಹೆಂಗಸರು ಹಿಂದೆ ನಿಂತು ಕೇಳುತ್ತಿದ್ದರು.

ಮರುದಿನ ಸುಗಂಧಿ ಶಾಲೆಯ ಜಗಲಿಗೆ ಬಂದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ. “ಶಾಲು ಹಾಕಿದ್ದು ಒಳ್ಳೇದಾಯ್ತು ಟೀಚರ್. ಆದರೆ ಆ ಗಂಟೆಯ ಕೂಲಿ ಹೋಗುವುದು ನಮ್ಮದು, ಅವರದ್ದಲ್ಲ” ಎಂದಳು. ಮಿಲ್ಲು ಓಡಿದ ಹೊತ್ತಿಗೆ ಮಾತ್ರ ಅವರಿಗೆ ಕೂಲಿಯಂತೆ. ನನಗೆ ಗೊತ್ತೇ ಇರಲಿಲ್ಲ ಕ್ಲಾರಾ, ಕೇಳಬೇಕೆಂದೂ ಹೊಳೆದಿರಲಿಲ್ಲ. ಕರುಣಾಕರಣ್ಣನಲ್ಲಿ ಪ್ರಸ್ತಾಪಿಸಿದರೆ, “ಮಿಲ್ಲು ನಿಂತರೆ ಕೂಲಿ ಎಲ್ಲಿಂದ ಬರ್ತದೆ?” ಎಂದು ಅವರು ನನ್ನನ್ನೇ ಕೇಳಿದರು. ಗುರುವಾರವೂ ಮಿಲ್ಲು ಓಡಿಸಿ ಎಂದು ಹೇಳಿ ಬಂದೆ.

ಕಂಪ್ಯೂಟರ್ ಒಯ್ಯಲು ಬಾಡಿಗೆ ಜೀಪು ಕಟಪಾಡಿಯಲ್ಲಿ ಸಿಗುತ್ತದೆ. ಪೆಟ್ಟಿಗೆಗೆ ಹಳೆಯ ಕಂಬಳಿ ಸುತ್ತಿಡುತ್ತೇನೆ. ನಿಮ್ಮಲ್ಲಾದರೂ ಅದು ಉಪಯೋಗಕ್ಕೆ ಬರಲಿ. ಬೇಬಿ ಹೇಗಿದ್ದಾಳೆ ಎಂದು ಕೇಳಿದ್ದೀ. ಚೆನ್ನಾಗಿದ್ದಾಳೆ.

ಸೋತು ಸುಣ್ಣವಾದ ನಿನ್ನ ಗೆಳತಿ,
ಮನೋರಮಾ

ಮರುಬರಹ: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಬಿಚ್ಚಿದ್ದೇನೆ. ಬೇಬಿ ಶಾಲೆ ಬಿಟ್ಟಳು. ಪರೀಕ್ಷೆಗೆ ಇನ್ನೆರಡು ತಿಂಗಳಷ್ಟೇ ಇತ್ತು. ನಾನು ಮೈಕಿನಲ್ಲಿ ಅಷ್ಟು ಹೊಗಳಿದ್ದನ್ನು ಕೇಳಿ ಕರುಣಾಕರಣ್ಣನೇ ಅವಳನ್ನು ಮಿಲ್ಲಿನ ಲೆಕ್ಕ ಬರೆಯಲು ಕರೆದರಂತೆ. ಸುಗಂಧಿಗೆ ಬೇಡವೆನ್ನಲು ಆಗಲಿಲ್ಲ. ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆದು ಸ್ವಿಚ್ಚು ಹಾಕುವವಳೂ ಈಗ ಅವಳೇ. ನಾನು ಹಾಜರಿ ಕರೆಯುವ ಹೊತ್ತಿಗೆ ಗದ್ದೆಯಾಚೆ ಸದ್ದು ಏಳುತ್ತದೆ. ಬೇಬಿ ಬಂದಳು ಎಂದು ತಿಳಿಯುತ್ತದೆ.