ಆದೇಶವಿಲ್ಲದೆ

ಮಣಿನಗರ, ಅಹಮದಾಬಾದ್
10 ಫೆಬ್ರವರಿ 2025

ರಜನಿ,

ನನ್ನ ಕೈಬರಹ ಕಂಡೊಡನೆ ಕಾಗದ ಮಡಚಿಡಬೇಡ. ನೀನು ವಡೋದರಕ್ಕೆ, ಮಗಳು ಅಮೂಲ್ಯಾಳ ಮನೆಗೆ ಹೋಗಿ ಮೂರು ವರ್ಷವಾಯಿತು. ಅವಳಿಗೆ ಫೋನ್ ಮಾಡಿ ನಿನ್ನ ಆರೋಗ್ಯ ವಿಚಾರಿಸಿ ಸುಮ್ಮನಾಗುತ್ತಿದ್ದೆ. ಇದನ್ನು ಮಾತ್ರ ನಿನಗೇ ಹೇಳಬೇಕು.

ನಿನ್ನೆ ಸೂರತ್‌ಗೆ ಹೋಗಿದ್ದೆ. ಸುಬೇದಾರ್ ಕೆಂಪಣ್ಣನ ಮಗಳು ಮೇದಿನಿ ಅಲ್ಲಿ ವಿಮಾ ಕಚೇರಿಯಲ್ಲಿದ್ದಾಳೆ. ನಾನು ಬರೆದ ಪಲ್ಟನ್ನಿನ ಇತಿಹಾಸ ಅವಳ ಕೈಗೆ ಸಿಕ್ಕಿದೆ. ಹೋದ ವಾರ ಫೋನ್ ಮಾಡಿ, "ಸರ್, ಆದೇಶ ಇಲ್ದೆ ಹಿಂದೆ ಸರಿದ್ರು ಅಂತ ಬರ್ದಿದೀರಲ್ಲ, ಅಪ್ಪ ಯಾಕೆ ಹಾಗೆ ಮಾಡಿದ್ರು? ಸಾಯೋ ತನಕ ಬಾಯಿ ಬಿಡ್ಲಿಲ್ಲ ಅವರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪುಸ್ತಕ ಬರೆದವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿತ್ತು.

ನಿನಗೂ ಗೊತ್ತಿತ್ತು. ಯುದ್ಧದ ಆ ಬೆಳಗ್ಗೆ ಹಿಮದಲ್ಲಿ ಗುಂಡಿನ ಸದ್ದು ಕೇಳಿ ಎದೆಗೆಟ್ಟು, ವೈರ್‌ಲೆಸ್‌ನಲ್ಲಿ ಕೆಂಪಣ್ಣನ ತುಕಡಿಯನ್ನು ಕೆಳಗೆ ಕರೆದವನು ನಾನು. ಮಧ್ಯಾಹ್ನ ನಾಚಿಕೆಯಿಂದ ಹುಚ್ಚನಂತೆ ಬೆಟ್ಟ ಹತ್ತಿ ಶತ್ರುವಿನ ಚೌಕಿ ಗೆದ್ದವನೂ ನಾನೇ. ಹಿಂದೆ ಬರಲು ಹೇಳಿದವರು ಯಾರೆಂದು ವಿಚಾರಣೆಯಲ್ಲಿ ಕೇಳಿದಾಗ ನಾನು ನೆಲ ನೋಡಿದೆ. ಕೆಂಪಣ್ಣ ನನ್ನನ್ನೇ ನೋಡಿದ, ಒಂದು ಮಾತೂ ಆಡಲಿಲ್ಲ. ನನಗೆ ಪದಕ ಬಂತು. ಅವನನ್ನು ಮನೆಗೆ ಕಳಿಸಿದರು.

ಹಸ್ತಪ್ರತಿ ಟೈಪ್ ಮಾಡುತ್ತಾ ಆ ಸಾಲಿಗೆ ಬಂದಾಗ ನಿನ್ನ ಕೈ ನಿಂತಿತು. "'ನಾನೇ ಅವರನ್ನ ಕೆಳಗೆ ಕರೆದೆ' ಅಂತ ಆಗ ನನಗೆ ಕಾಗದ ಬರೆದಿದ್ರಲ್ಲ?" ಎಂಬುದು ನಿನ್ನ ಪ್ರಶ್ನೆ. "ಇತಿಹಾಸ ಬರೆಯೋನು ನಾನು. ನೀನು ಟೈಪ್ ಮಾಡು" ಎಂಬುದು ನನ್ನ ಉತ್ತರ. ಆ ಹಳೆಯ ಕಾಗದಕ್ಕಾಗಿ ಎರಡು ದಿನ ಟ್ರಂಕು ಜಾಲಾಡಿದೆಯಲ್ಲ, ಅದನ್ನು ನಾನು ಮೊದಲೇ ಹರಿದು ಹಾಕಿದ್ದೆ. ಗೆದ್ದಲು ತಿಂದ ಒಂದು ಹಾಳೆಗಾಗಿ ಪತ್ರಾಗಾರದ ಗುಮಾಸ್ತರ ಮೇಲೆ ರೇಗುತ್ತಿದ್ದವನು ಹೆಂಡತಿಯ ಟ್ರಂಕಿಗೇ ಕೈ ಹಾಕಿದ.

ನಿನ್ನೆ ಮೇದಿನಿಯ ಮನೆಯಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಕೆಳಗೆ ಸೀರೆ ಬಂಡಲು ಹೇರಿದ ಟೆಂಪೋ ಹಾರ್ನ್ ಹೊಡೆಯುತ್ತಲೇ ಇತ್ತು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತಳು.

"ಅಪ್ಪ ನಿಮ್ಮನ್ನ ಒಂದಿನಾನೂ ಬೈಲಿಲ್ಲ ಸರ್. ಬೈದಿದ್ರೆ ನಮಗೆ ಆಗಲೇ ಗೊತ್ತಾಗ್ತಿತ್ತು. ಊರಲ್ಲಿ ಅಮ್ಮನ್ನ ಓಡಿಬಂದೋನ ಹೆಂಡ್ತಿ ಅಂತಿದ್ರು. ಅಮ್ಮ ಯಾರ ಮದುವೆಗೂ ಹೋಗ್ತಿರಲಿಲ್ಲ."

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಡೆದಳು. "ನನ್ನ ಹತ್ರ ಅಲ್ಲ. ಅಮ್ಮ ಚಿಕ್ಕಮ್ಮನ ಮನೇಲಿದಾರೆ, ಶನಿವಾರ ಬರ್ತಾರೆ. ಅವರೆದುರು ಹೇಳಿ."

ಇವತ್ತು ಪಲ್ಟನ್ನಿಗೂ ಪ್ರಕಾಶಕರಿಗೂ ನಿಜ ಬರೆದು ಕಳಿಸಿದೆ, ಪದಕ ಹಿಂತಿರುಗಿಸುತ್ತೇನೆಂದೂ ಬರೆದಿದ್ದೇನೆ. ಕೆಂಪಣ್ಣ ತೀರಿಕೊಂಡು ಒಂಬತ್ತು ವರ್ಷ. ಕೊನೆಯ ದಿನಗಳಲ್ಲಿ ಮಗಳ ಜೊತೆ ಸೂರತ್‌ನಲ್ಲೇ ಇದ್ದನಂತೆ ಎಂದು ಬರೆಯಹೊರಟೆ. ಇಲ್ಲ ರಜನಿ, ಇದ್ದನೆಂದು ನನಗೆ ಆಗಲೇ ಗೊತ್ತಿತ್ತು. ಇಲ್ಲಿಂದ ನಾಲ್ಕು ಗಂಟೆಯ ದಾರಿ. ಹೋಗಲಿಲ್ಲ.

ನಿನ್ನನ್ನು ಗದರಿಸಿ ಗೆದ್ದೆನೆಂದುಕೊಂಡಿದ್ದ,
ದಿವಾಕರ

ತಾ.ಕ.: ಭಾನುವಾರ ಮತ್ತೆ ಸೂರತ್‌ಗೆ ಹೊರಡುತ್ತೇನೆ. ಆ ತಾಯಿಯ ಎದುರು ಒಬ್ಬನೇ ಕೂರಲು ಹೆದರಿಕೆಯಾಗುತ್ತಿದೆ. ನನ್ನ ರೈಲು ಒಂಬತ್ತೂಕಾಲಿಗೆ ವಡೋದರದಲ್ಲಿ ಐದು ನಿಮಿಷ ನಿಲ್ಲುತ್ತದೆ. ನಿನ್ನನ್ನು ಕೇಳದೆ ನಿನಗೂ ಟಿಕೆಟ್ ತೆಗೆಸಿದ್ದೇನೆ. ನೀನು ಬರದಿದ್ದರೂ ನಾನು ಅಲ್ಲಿ ಇಳಿದು ವಾಪಸಾಗುವುದಿಲ್ಲ.