ಮುಸುಕಿನ ಸಾಲಿನಲ್ಲಿ ಊರ್ಮಿಳಾ

ಅಕ್ಟೋಬರ್ 9, ಗುರುವಾರ. ವೆಲ್ಡ್‌ಹೋವನ್

ಸಿನಿಮಾ ಬಿಡುಗಡೆಯಾಗಿದೆ. ಐಂಡ್‌ಹೋವನ್‌ನಲ್ಲಿ ಒಂದೇ ಥಿಯೇಟರ್, ದಿನಕ್ಕೆ ಒಂದೇ ಆಟ, ಸಂಜೆ 4.15. ತಿಳಿಸಿದವನು ಆಫೀಸಿನ ಕಿಶನ್. ಕ್ಯಾಂಟೀನಿನಲ್ಲಿ ಫೋನ್ ಮುಂದೆ ಹಿಡಿದು, "ದಿವಾಕರ್, ಇದು ಊರ್ಮಿಳಾ ಅವರದ್ದಲ್ವಾ?" ಅಂದ. ಆಮೇಲೆ ತನ್ನ ಸೂಪ್ ನೋಡುತ್ತ ಕೂತ.

ಹೌದು, ಅದೇ. ಸ್ಪ್ಯಾನಿಷ್ ಹಾರರ್. ಕಾನ್ವೆಂಟ್, ಸನ್ಯಾಸಿನಿಯರು, ನೆಲಮಾಳಿಗೆಯಲ್ಲಿ ಏನೋ ಒಂದು. ಕಳೆದ ವರ್ಷ ಮೇನಲ್ಲಿ ಕೆಲವು ದೃಶ್ಯಗಳನ್ನು ಲಿಂಬರ್ಗ್ ಕಡೆಯ ಒಂದು ಖಾಲಿ ಮಠದಲ್ಲಿ ತೆಗೆದರು. ಗುಂಪಿನಲ್ಲಿ ನಿಲ್ಲಲು ಹೆಂಗಸರು ಬೇಕು ಎಂದು ಫೇಸ್‌ಬುಕ್‌ನಲ್ಲಿ ಹಾಕಿದ್ದರು. ಊರ್ಮಿಳಾ ಹೋದಳು. ಮಧ್ಯಾಹ್ನದ ಊಟ ನನ್ನ ಅಡುಗೆಗಿಂತ ವಾಸಿ ಇತ್ತಂತೆ.

ಬಂದು ಹೇಳಿದ್ದು: "ಎಲ್ಲರಿಗೂ ಮುಸುಕು ರೀ, ಮುಖ ಕಾಣಲ್ಲ. ಒಂದು ಎಡವಟ್ಟು ಮಾಡ್ಕೊಂಡೆ. ಏನೂಂತ ಹೇಳಲ್ಲ, ಥಿಯೇಟರಲ್ಲಿ ನೀವೇ ಕಂಡುಹಿಡೀರಿ."

ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ.

ಶನಿವಾರಕ್ಕೆ ಟಿಕೆಟ್ ತೆಗೆದೆ. ಒಂದು.

ಅಕ್ಟೋಬರ್ 11, ಶನಿವಾರ

ನೋಡಿದೆ. ಹತ್ತು ಹನ್ನೆರಡು ಜನ ಇದ್ದರು. ಮಾತು ಸ್ಪ್ಯಾನಿಷ್, ಕೆಳಗೆ ಡಚ್ ಅಕ್ಷರ. ನನ್ನ ಡಚ್ ಕತೆಯ ಮಟ್ಟಿಗೆ ಸಾಕಾಯಿತು.

ಹೊಸದಾಗಿ ಸೇರಿದ ಹುಡುಗಿಗೆ ಗೋಡೆಯೊಳಗಿಂದ ಯಾರೋ ಪ್ರಾರ್ಥನೆ ಹೇಳುವುದು ಕೇಳಿಸುತ್ತದೆ. ಮಠದ ಹಿರಿಯಳಿಗೆ ವಿಷಯ ಗೊತ್ತು, ಬಾಯಿ ಬಿಡುವುದಿಲ್ಲ. ಒಂದು ದಿನ ಹುಡುಗಿಗೆ ದೆವ್ವ ಮೆಟ್ಟಿಕೊಂಡು, ಅವಳು ಪ್ರಾರ್ಥನೆ ಪುಸ್ತಕ ನೆಲಕ್ಕೆ ಎಸೆಯುತ್ತಾಳೆ. ಎಲ್ಲರೂ ಬಾಗಿಲಿಗೆ ಓಡುತ್ತಾರೆ. ಅಲ್ಲಿಂದ ಒಬ್ಬೊಬ್ಬರೇ ಸಾಯುತ್ತಾರೆ.

ಭಯವಾಗಲಿಲ್ಲ. ಪರದೆ ಕತ್ತಲಾದಾಗಲೆಲ್ಲ ಸಿಟ್ಟು ಬಂತು — ಆ ಹೊತ್ತಿನಲ್ಲೇ ಅವಳು ದಾಟಿಹೋಗಿದ್ದರೆ? ಹೆಗಲು, ಎತ್ತರ, ನಡಿಗೆ ಎಲ್ಲ ನೋಡಿದೆ. ಎಲ್ಲರೂ ಒಂದೇ ಥರ. ಅದಕ್ಕೇ ತಾನೇ ಯೂನಿಫಾರ್ಮ್.

ಎಡಿಟಿಂಗ್‌ನಲ್ಲಿ ತೆಗೆದುಹಾಕಿರಲೂಬಹುದು…

ಅಕ್ಟೋಬರ್ 12, ಭಾನುವಾರ

ಮಗಳು ಹಿತಾಗೆ ಫೋನ್ ಮಾಡಿದೆ. ಗ್ರೋನಿಂಗನ್‌ನಲ್ಲಿ ಓದುತ್ತಿದ್ದಾಳೆ, ಎರಡನೇ ವರ್ಷ. ಅಮ್ಮ ಹೋದಮೇಲೆ ಮನೆಗೆ ಬಂದದ್ದು ಎರಡೇ ಸಲ. ಸಿನಿಮಾ ವಿಷಯ ಹೇಳಿದೆ.

"ಅಪ್ಪ, ಪ್ಲೀಸ್. ಅದು ಹಾರರ್. ಅಲ್ಲಿ ಅಮ್ಮನ್ನ ನೋಡಿ ನಂಗೇನಾಗ್ಬೇಕು?"

ಮುಂದಿನ ವಾರ ದೀಪಾವಳಿಗೆ ಬಾ ಎಂದೆ. ವರ್ಷ ತುಂಬಿಲ್ಲ, ನಮಗೆ ಹಬ್ಬ ಇಲ್ಲ ಅಂತ ನೀವೇ ಹೇಳಿದ್ದಿರಿ ಎಂದಳು. ನಿಜ.

ಸಿನಿಮಾ ಯಾಕೆ ನೋಡಬೇಕೆಂಬ ಕಾರಣ ಅವಳಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ. ಮನೆಯ ವಿಡಿಯೋಗಳಲ್ಲೆಲ್ಲ ನಾನಿದ್ದೇನೆ, ಹಿತಾ ಇದ್ದಾಳೆ. ತೆಗೆಯುತ್ತಿದ್ದವಳು ಊರ್ಮಿಳಾ. "ಸ್ವಲ್ಪ ಈಕಡೆ ನೋಡ್ರೀ" — ದನಿ ಇದೆ, ಅವಳಿಲ್ಲ. ಓಡಾಡುವ ಊರ್ಮಿಳಾ ಎಲ್ಲಾದರೂ ಉಳಿದಿದ್ದರೆ ಈ ದೆವ್ವದ ಸಿನಿಮಾದಲ್ಲಿ ಮಾತ್ರ.

ಅಕ್ಟೋಬರ್ 14, ಮಂಗಳವಾರ

ಎರಡನೇ ಸಲ. ಸಿಗಲಿಲ್ಲ.

ಮುಗಿದ ಮೇಲೆ ಥಿಯೇಟರಿನ ಕೆಫೆಯಲ್ಲಿ ಕೂತೆ. ಶನಿವಾರವೂ ಬಂದಿದ್ದ ಡಚ್ ಹೆಂಗಸೊಬ್ಬರು ಎದುರು ಬಂದು ಕೂತರು. ಹೆಸರು ರೀಟ್. ಎಪ್ಪತ್ತು ದಾಟಿದೆ. ಓದಿದ್ದು ನನ್‌ಗಳ ಶಾಲೆಯಲ್ಲಂತೆ, ನನ್‌ಗಳು ಸಾಯುವ ಸಿನಿಮಾ ಯಾವುದನ್ನೂ ಬಿಡುವುದಿಲ್ಲವಂತೆ. ನನಗೆ ಹಾರರ್ ಅಷ್ಟು ಇಷ್ಟವೇ ಎಂದು ಕೇಳಿದರು.

"ಇಲ್ಲ. ನನ್ನ ಹೆಂಡತಿ ಇದರಲ್ಲಿದ್ದಾಳೆ."

"ಯಾವಾಕೆ?"

"ಅದೇ ಗೊತ್ತಾಗ್ತಿಲ್ಲ."

ನಗಲಿಲ್ಲ. ತೀರಿಹೋದ ವಿಷಯ ಹೇಳಿದೆ. ಮಾತು ಬದಲಿಸಲೆಂದೋ ಏನೋ, ಅವರು ಸಿನಿಮಾದ ತಪ್ಪುಗಳನ್ನು ಹೇಳತೊಡಗಿದರು. ಮೇಣದ ಬತ್ತಿ ಇಡುವ ಜಾಗ ತಪ್ಪು. ಲ್ಯಾಟಿನ್ ತಪ್ಪು. ಓಡುವ ದೃಶ್ಯದಲ್ಲಿ ಒಬ್ಬ ನನ್ ಪ್ರಾರ್ಥನೆ ಪುಸ್ತಕ ತುಳಿಯುತ್ತಾಳಲ್ಲ, ಬಗ್ಗಿ ಅದನ್ನು ಬೆರಳಲ್ಲಿ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

"ಯಾವ ಕ್ಯಾಥೊಲಿಕ್ಕೂ ಹಾಗೆ ಮಾಡಲ್ಲ. ನಾವಾಗಿದ್ದರೆ ಎತ್ತಿ ಮುತ್ತಿಡ್ತಿದ್ವಿ. ಯಾರು ಹೇಳಿಕೊಟ್ಟರೋ ಅವಳಿಗೆ."

ಕಪ್ ಕೆಳಗಿಟ್ಟೆ.

ಎರಡು ಸಲ ನೋಡಿದ್ದೇನೆ. ಆ ನನ್ ನನ್ನ ಕಣ್ಣಿಗೂ ಬಿದ್ದಿದ್ದಳು. ಆದರೆ ಎಡವಟ್ಟು ಅನ್ನಿಸಿರಲೇ ಇಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಇನ್ನೇನು ಮಾಡುತ್ತಾರೆ?

ಅಕ್ಟೋಬರ್ 18, ಶನಿವಾರ

ಮೂರು ದಿನ ಆಫೀಸಿನ ಮೆಷಿನ್ ಬಿಟ್ಟು ಬರಲಾಗಲಿಲ್ಲ. ಇವತ್ತು ಹೋದೆ. ರೀಟ್ ನನಗೆ ಪಕ್ಕದ ಸೀಟು ಹಿಡಿದಿದ್ದರು.

ಎಡಗಡೆಯಿಂದ ಬರುತ್ತಾಳೆ. ಮುಂದಿನವರನ್ನು ತಳ್ಳದೆ ಓಡುತ್ತಾಳೆ — ಊರಿನ ಬಸ್ಸಿಗೂ ಹಾಗೇ ಓಡುತ್ತಿದ್ದಳು, ಸೀಟು ಸಿಗುತ್ತಿರಲಿಲ್ಲ. ಪುಸ್ತಕಕ್ಕೆ ಕಾಲು ಬೀಳುತ್ತದೆ. ಹಿಂದೆ ದೆವ್ವ ಕಿರುಚುತ್ತಿದೆ, ಎಲ್ಲರೂ ಪ್ರಾಣ ಉಳಿಸಿಕೊಳ್ಳುತ್ತಿದ್ದಾರೆ. ಅವಳೊಬ್ಬಳು ನಿಲ್ಲುತ್ತಾಳೆ. ಬಗ್ಗುತ್ತಾಳೆ. ಬೆರಳು ಪುಸ್ತಕಕ್ಕೆ, ಬೆರಳು ಕಣ್ಣಿಗೆ, ಮುಸುಕಿನ ಮೇಲೆಯೇ. ಆಮೇಲೆ ಓಡುತ್ತಾಳೆ.

ಅಷ್ಟೇ. ರೀಟ್ ನನ್ನ ತೋಳು ಮುಟ್ಟಿದರು. ನಡುವಿನ ವಿರಾಮದಲ್ಲಿ ಎದ್ದು ಬಂದೆ. ಬಸ್ ಹತ್ತಲಿಲ್ಲ, ವೆಲ್ಡ್‌ಹೋವನ್‌ವರೆಗೂ ನಡೆದೆ.

ಅಕ್ಟೋಬರ್ 19, ಭಾನುವಾರ

ಹಿತಾಗೆ ಹೇಳಿದೆ. ನೋಡು ಎನ್ನಲಿಲ್ಲ, ಬಾ ಎನ್ನಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

ಹಿತಾ ಅಂದಳು:

"ನನ್ನ ಲ್ಯಾಪ್‌ಟಾಪ್‌ಗೆ ಕಾಲು ತಾಗಿದ್ರೂ ಹಾಗೇ ಮಾಡೋಳು. ಅಮ್ಮಾ, ಅದು ಡೆಲ್, ದೇವ್ರಲ್ಲ ಅಂತಿದ್ದೆ."

ಅದಕ್ಕೆ ಅಮ್ಮ ಏನಂತಿದ್ದಳು ಎಂದು ಕೇಳಿದೆ.

"ಅದ್ರಲ್ಲಿ ಓದ್ತೀಯ ತಾನೆ ಅನ್ನೋಳು."

ಆಮೇಲೆ ಇಂಗ್ಲಿಷಿನಲ್ಲಿ, ಆಟ ಯಾವತ್ತಿನವರೆಗೆ ಇದೆ ಎಂದು ಕೇಳಿದಳು.

ಅಕ್ಟೋಬರ್ 21, ಮಂಗಳವಾರ

ನಾಳೆ ಕೊನೆಯ ಆಟ. ಥಿಯೇಟರ್‌ನವರು ವೆಬ್‌ಸೈಟ್‌ನಲ್ಲಿ ಹಾಕಿದ್ದಾರೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಮೂರು ಸೀಟು ತೆಗೆದೆ, ಒಂದು ರೀಟ್ ಅವರಿಗೆ. ಹೆದರಿಕೆ ಸೀನ್‌ಗಳಲ್ಲಿ ಅಮ್ಮ ಮುಚ್ಚುತ್ತಿದ್ದ ಹಾಗೆ ನಾನು ಅವಳ ಕಣ್ಣು ಮುಚ್ಚಬೇಕು, ಆ ಒಂದು ಜಾಗ ಬಂದಾಗ ಮಾತ್ರ ಕೈ ತೆಗೆಯಬೇಕು — ಇದು ಹಿತಾಳ ಷರತ್ತು.

ಅವಳ ಟ್ರೈನ್ ಐಂಡ್‌ಹೋವನ್‌ಗೆ 3.20ಕ್ಕೆ. ಸಿನಿಮಾ 4.15.