ಭಾರ ಕೈಬಿಡುವ ಪಾಠ

ಮಾರ್ಚ್ ೩, ಸಂಜೆ. ಗ್ಯುಮ್ರಿ.
ವೇಟ್‌ಲಿಫ್ಟಿಂಗ್ ತರಬೇತಿಯಲ್ಲಿ ಇವತ್ತೂ ಬರೀ ಮರದ ಕೋಲು. ಅರವತ್ತು ಕಿಲೋ ಎತ್ತಬಲ್ಲವಳಿಗೆ! ಪಕ್ಕದಲ್ಲಿ ಜೊತೆಗಾತಿ ಲುಸಿಕ್ ಕಬ್ಬಿಣದ ಬಾರ್ ಎತ್ತುತ್ತಾ ಮುಸಿಮುಸಿ ನಕ್ಕಳು. ಮೈಯೆಲ್ಲ ಉರಿಯಿತು.
ಕೋಚ್ ವರಾಜ್ದಾತ್ ಮಾತ್ರ ಹಾಡಿದ್ದೇ ಹಾಡೋ ಕಿಸುಬಾಯಿ ದಾಸ. “ಎತ್ತೋದು ಬರುತ್ತೆ ಅರಾಕ್ಸಿ ಜಾನ್, ನನ್ನ ಕಂದಾ, ಬಿಡೋದು ಬರಲ್ಲ. ಬಾರ್ ತಲೆ ಹಿಂದಕ್ಕೆ ಹೋಯ್ತಾ? ಕೈ ಬಿಡು, ಮುಂದಕ್ಕೆ ಹಾರು.”
ನಾನು ಕಲಿತದ್ದು ಮನೆಯಲ್ಲಿ, ಅಣ್ಣನ ಕಬ್ಬಿಣದ ಬಾರ್ ಎತ್ತಿ. ಸ್ವಲ್ಪ ಸದ್ದಾದರೂ ಕೆಳಮಹಡಿಯ ಅಜ್ಜಿ ಪೊರಕೆಯಿಂದ ಸೂರು ಕುಟ್ಟುತ್ತಿದ್ದಳು. ಸದ್ದಿಲ್ಲದೆ ಇಳಿಸುವುದೇ ರೂಢಿ. ಅದು ತಪ್ಪಂತೆ!

ಮಾರ್ಚ್ ೮
ಹಾಲ್‌ನಲ್ಲಿ ಹೆಣ್ಣುಮಕ್ಕಳ ದಿನದ ಕೇಕ್. ಕೋಚ್ ನಮ್ಮ ಹೆಸರಲ್ಲಿ ಲೋಟ ಎತ್ತಿದರು — ಎಡಗೈಯಲ್ಲಿ.
“ಬಲಗೈ ಮನೇಲಿ ಬಿಟ್ಟು ಬಂದ್ರಾ ಕೋಚ್?” ಅಂದಳು ಲುಸಿಕ್. ಎಲ್ಲರೂ ನಕ್ಕರು. ಅವರು ನಗಲಿಲ್ಲ.
ರಾಜಧಾನಿ ಯೆರೆವಾನ್‌ನ ಕಿರಿಯರ ತಂಡಕ್ಕೆ ಆಯ್ಕೆ ಏಪ್ರಿಲ್‌ನಲ್ಲಿ. ಒಬ್ಬಳಿಗೇ ಜಾಗ. ನನಗೆ ಕಿರಿಯರ ವಿಭಾಗದಲ್ಲಿ ಇದೇ ಕಡೆಯ ವರ್ಷ. ನಾನಿನ್ನೂ ಕೋಲಿನಲ್ಲೇ...

ಮಾರ್ಚ್ ೧೫
ಮಾಡಬಾರದ್ದು ಮಾಡಿದೆ. ಕೋಚ್ ಕಾಫಿಗೆ ಹೋದಾಗ ಅರವತ್ತು ಹಾಕಿಕೊಂಡೆ. ಎತ್ತಿದೆ. ಬಾರ್ ಹಿಂದಕ್ಕೆ ವಾಲಿತು. ಬೆರಳು ಬಿಚ್ಚಲೇ ಇಲ್ಲ! ಭುಜದಲ್ಲಿ ಲಟ್ ಅಂದಿತು. ಹೇಗೋ ಪಕ್ಕಕ್ಕೆ ಬಿದ್ದೆ.
ಬಾಗಿಲಲ್ಲಿ ಕೋಚ್. ಬೈಯಲಿಲ್ಲ. ಬಲಗೈ ಎತ್ತಿ ತೋರಿಸಿದರು. ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.
“ಇಷ್ಟೇ. ನಾನೂ ಬಿಡ್ಲಿಲ್ಲ. ಆಗ ನಿನ್ನಷ್ಟೇ ವಯಸ್ಸು ನಂಗೆ.”
ನಾಚಿಕೆಯಾಯಿತು. ಸಿಟ್ಟೂ ಬಂತು — ಇದನ್ನು ಮೊದಲೇ ಹೇಳಬಾರದಿತ್ತೇ?

ಏಪ್ರಿಲ್ ೧೯
ಭುಜ ವಾಸಿಯಾಗಿ ವಾರಗಟ್ಟಲೆ ಬರೀ ಬಿಡುವುದನ್ನೇ ಅಭ್ಯಾಸ ಮಾಡಿದೆ. ಇವತ್ತು ಆಯ್ಕೆ. ಲುಸಿಕ್ ಅರವತ್ತು ಎತ್ತಿದಳು. ಅವಳನ್ನು ಮೀರಿಸಲು ನನಗೆ ಅರವತ್ತೆರಡು, ಕಡೆಯ ಸರದಿ. ಮೇಲೆ ಹೋಯಿತು. ಹಿಂದಕ್ಕೆ ವಾಲಿತು... ಕೈ ತಾನಾಗಿ ಬಿಚ್ಚಿಕೊಂಡಿತು. ಮುಂದಕ್ಕೆ ಹಾರಿದೆ. ಬೆನ್ನ ಹಿಂದೆ ಧಡ್ ಎಂದಿತು.
ಬಿಟ್ಟ ಭಾರ ಲೆಕ್ಕಕ್ಕಿಲ್ಲ. ಯೆರೆವಾನಿಗೆ ಲುಸಿಕ್.
“ಎಷ್ಟು ಚೆನ್ನಾಗಿ ಬಿಟ್ಟೆ ಕಣೇ!” ಕೋಚ್ ಕಣ್ಣು ಒದ್ದೆ. ಅವರ ಮುಖ ನೋಡಲೂ ಮನಸ್ಸಾಗಲಿಲ್ಲ. ಸೋತವಳಿಗೆ ಶಹಭಾಸ್‌ಗಿರಿ!

ಏಪ್ರಿಲ್ ೨೦, ಬೆಳಿಗ್ಗೆ
ಸಿಟ್ಟು ಇಳಿದಿಲ್ಲ. ತಿಂಡಿ ಬೇಡ ಅಂದೆ. ಜಡೆ ಹಾಕಲು ಎರಡೂ ಕೈ ತಲೆ ಹಿಂದಕ್ಕೆತ್ತಿದೆ. ಸಲೀಸಾಗಿ ಹೋದವು, ಕೋಚ್ ಕೈಯಂತೆ ಭುಜದ ಮಟ್ಟದಲ್ಲಿ ನಿಲ್ಲಲಿಲ್ಲ. ಕನ್ನಡಿ ಮುಂದೆ ಹಾಗೇ ನಿಂತೆ. ಅಳು ಬಂತು.
ಬ್ಯಾಗಿಗೆ ಶೂ ಹಾಕಿದ್ದೇನೆ. ಹೋಗಿ ಕೋಚ್‌ರನ್ನು ಕೇಳುತ್ತೇನೆ, ದೊಡ್ಡವರ ವಿಭಾಗಕ್ಕೆ ನನ್ನನ್ನು ತಯಾರು ಮಾಡ್ತೀರಾ ಅಂತ.